ಕಾಪರ್ ಕ್ಯಾನಿಯನ್‌ಗೆ ನಮ್ಮ ಗಾಡೀಲೇ: ಕ್ರೀಲ್, ಬಟೋಪಿಲಾಸ್, ಉರೀಕೆ ಸುತ್ತು 9 ದಿನದಲ್ಲಿ ಆಗುತ್ತಾ?

ಹಾಸನದ_ಡ್ರೈವರ್_ಮಗ (2024 ಜೂನ್ 3)

ಎಲ್ಲರಿಗೂ ನಮಸ್ಕಾರ. ನಾವಿರೋದು ಆಸ್ಟಿನ್‌ನಲ್ಲಿ. ಮೆಕ್ಸಿಕೊದ ಬರ್ರಾಂಕಾಸ್ ದೆಲ್ ಕೋಬ್ರೆ, ಅದೇ ಕಾಪರ್ ಕ್ಯಾನಿಯನ್, ನೋಡ್ಬೇಕು ಅಂತ ನಾಕೈದು ವರ್ಷದಿಂದ ಆಸೆ, ಅದೂ ರೈಲಲ್ಲಿ ಅಲ್ಲ, ನಮ್ಮ ಗಾಡೀಲೇ. ಗಾಡಿ 2015ರ ಟೊಯೋಟಾ ಫೋರ್‌ರನ್ನರ್, ಫೋರ್ ವೀಲ್ ಡ್ರೈವ್, ಟೈರ್ ಹೊಸದು. ಹೋಗೋರು ಮೂರು ಜನ, ನಾನು, ಹೆಂಡ್ತಿ, ಊರಿಂದ ಬಂದಿರೋ ನಮ್ಮಪ್ಪ. ಅಪ್ಪಂಗೆ 68, ಮೂವತ್ತು ವರ್ಷ ಕೆಎಸ್‌ಆರ್‌ಟಿಸಿ ಬಸ್ ಓಡಿಸಿದೋರು, ಜಾಸ್ತಿ ಕಾಲ ಹಾಸನ–ಮಂಗಳೂರು ರೂಟು, ಅಂದ್ರೆ ದಿನಾ ಶಿರಾಡಿ ಘಾಟಿ. ಅವರಿಗೆ ನ್ಯೂಯಾರ್ಕು ಬೇಡ, ವೇಗಸ್ಸು ಬೇಡ, "ಒಳ್ಳೆ ಘಾಟಿ ರಸ್ತೆ ಇದ್ರೆ ತೋರ್ಸು" ಅಂತಾರೆ.

ಪ್ಲಾನ್ ಹೀಗಿದೆ: ಜುಲೈ ಕೊನೇಲಿ 9 ದಿನ ರಜೆ. ಪ್ರೆಸಿಡಿಯೊದಲ್ಲಿ ಗಡಿ ದಾಟಿ ಓಹಿನಾಗಾ, ಚಿವಾವಾ ನಗರ, ಕ್ರೀಲ್, ಅಲ್ಲಿಂದ ಕೆಳಗಿಳಿದು ಬಟೋಪಿಲಾಸ್, ಬಟೋಪಿಲಾಸಿಂದ ಮಣ್ಣಿನ ದಾರೀಲಿ ಉರೀಕೆ, ಸೆರೋಕಾವಿ ಮೇಲೆ ಹತ್ತಿ ವಾಪಸ್ ಕ್ರೀಲ್, ಸಮಯ ಇದ್ರೆ ಬಸಸಿಯಾಚಿ ಫಾಲ್ಸು. ಮ್ಯಾಪಲ್ಲಿ ನೋಡಿದ್ರೆ ಬಟೋಪಿಲಾಸ್–ಉರೀಕೆ ಒಂದು ಬೆರಳಗಲ ಇದೆ ಅಷ್ಟೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಟೂಸಾನ್_ತಿಪಟೂರು

ಮೊದಲು ತಿಂಗಳು ಬದಲಾಯ್ಸಿ ಸಾರ್, ಆಮೇಲೆ ಬೇರೆ ಮಾತು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆಗಾಲ. ಇಲ್ಲಿ ಅರಿಝೋನಾದಲ್ಲಿ ಮಾನ್ಸೂನ್ ಅಂತೀವಲ್ಲ ಅದೇ ಮಳೆ, ಆದ್ರೆ ಅಲ್ಲಿ ಸಿಯೆರಾ ಮಾದ್ರೆ ಬೆಟ್ಟಕ್ಕೆ ಬಡಿದು ಇನ್ನೂ ಜೋರಾಗಿ ಸುರಿಯುತ್ತೆ. ಬೆಳಗ್ಗೆ ಆಕಾಶ ತೊಳೆದಿಟ್ಟಂಗಿರುತ್ತೆ, ಮಧ್ಯಾಹ್ನ ಎರಡು ಗಂಟೆಗೆ ಕಪ್ಪಾಗುತ್ತೆ, ನಾಲ್ಕಕ್ಕೆಲ್ಲ ರಸ್ತೆ ಮೇಲೆ ಬಂಡೆ. ಅಲ್ಲಿ ಬೋರ್ಡ್ ಹಾಕಿರ್ತಾರೆ, ದೆರ್ರುಂಬೆ ಅಂತ, ಗುಡ್ಡ ಕುಸಿತ ಅಂತ ಅರ್ಥ, ಈ ಪದ ಕಲಿತ್ಕೊಳ್ಳಿ. ನೀವು ಹೇಳೋ ಬಟೋಪಿಲಾಸ್–ಉರೀಕೆ ದಾರೀಲಿ ಹೊಳೆ ದಾಟ್ಬೇಕು, ಮಳೆ ಬಂದ್ರೆ ಆ ದಾರಿ ಇಲ್ಲವೇ ಇಲ್ಲ ಅಂತ ತಿಳ್ಕೊಳಿ.

ಇನ್ನೊಂದು ಸಂಗತಿ ಎತ್ತರದ್ದು. ಕ್ರೀಲ್ ಇರೋದು ಸುಮಾರು 2,300 ಮೀಟರ್ ಮೇಲೆ, ಪೈನ್ ಕಾಡು, ಡಿಸೆಂಬರ್–ಜನವರೀಲಿ ಹಿಮ ಬೀಳುತ್ತೆ. ಬಟೋಪಿಲಾಸ್, ಉರೀಕೆ ಎರಡೂ 500–600 ಮೀಟರ್ ಆಸುಪಾಸು, ಅಲ್ಲಿ ಮಾವು ಪಪ್ಪಾಯ ಬೆಳೆಯುತ್ತೆ. ಒಂದೇ ದಿನದಲ್ಲಿ ಸ್ವೆಟರ್ ಹಾಕ್ಕೊಂಡು ಹೊರಟು ಬೆವರು ಒರೆಸ್ಕೊಂಡು ಇಳೀತೀರಾ. ಮೇ–ಜೂನಲ್ಲಿ ತಳದಲ್ಲಿ 40 ಡಿಗ್ರಿ ದಾಟುತ್ತೆ, ನಿಮ್ಮ ತಂದೆಯವರ ವಯಸ್ಸಿಗೆ ಅದು ಬೇಡ. ಅಕ್ಟೋಬರ್ ಮಧ್ಯದಿಂದ ನವೆಂಬರ್, ಇಲ್ಲ ಮಾರ್ಚ್–ಏಪ್ರಿಲ್, ಇವೆರಡೇ ಸರಿಯಾದ ಕಾಲ. ಅಕ್ಟೋಬರಲ್ಲಿ ಮಳೆ ನಿಂತು ಬೆಟ್ಟ ಇನ್ನೂ ಹಸಿರಿರುತ್ತೆ, ಹೊಳೆ ಇಳಿದಿರುತ್ತೆ.

ಎಲ್‌ಪಾಸೊ_ಧಾರವಾಡ

ಗಾಡಿ ಕಾಗದದ ವಿಷಯ ನಾ ಹೇಳ್ತೀನ್ರಿ, ಗಡಿ ಊರಾಗ ಇರೂದ್ರಿಂದ ಇದರಾಗ ಪಳಗೇನಿ.

ಒಂದು, ಗಡಿಯಿಂದ ಸುಮಾರು 20–30 ಕಿಲೋಮೀಟರ್ ಒಳಗ ತನಕಾ ಗಾಡಿಗೆ ಪರ್ಮಿಟ್ ಬ್ಯಾಡ. ಅದನ್ನ ದಾಟಿ ಚಿವಾವಾ ಕಡೆ ಹೋಗಬೇಕಂದ್ರ ಟಿಐಪಿ ಅಂತ ತಾತ್ಕಾಲಿಕ ಪರ್ಮಿಟ್ ಬೇಕೇ ಬೇಕು. ಬಾನ್ಹೆರ್ಸಿತೊ ಅಂತ ಅವರ ಮಿಲಿಟ್ರಿ ಬ್ಯಾಂಕ್ ಐತಿ, ಅವರ ಕೌಂಟರ್‌ನಾಗ ಮಾಡಸ್ಬೇಕು, 180 ದಿನ ನಡೀತೈತಿ. ಫೀಸ್ ಬ್ಯಾರೆ, ಠೇವಣಿ ಬ್ಯಾರೆ. 2007 ಮತ್ತ ಅದರ ಈಚಿನ ಗಾಡಿಗೆ ಠೇವಣಿ 400 ಡಾಲರ್, 2001ರಿಂದ 2006ರದ್ದಕ್ಕ 300, ಅದಕ್ಕೂ ಹಳೇದಕ್ಕ 200. ಹೊಳ್ಳಿ ಬರೂ ಮುಂದ ಪರ್ಮಿಟ್ ರದ್ದು ಮಾಡಿಸಿದ್ರ ಅಷ್ಟೂ ರೊಕ್ಕ ವಾಪಸ್ ಬರ್ತೈತಿ. ಮರೆತು ಹಂಗ ಬಂದ್ರಿ ಅಂದ್ರ ಠೇವಣಿನೂ ಹೋತು, ಮುಂದ ಆ ಗಾಡಿ ತಗೊಂಡು ಒಳಗ ಹೋಗಾಕೂ ಆಗೂದಿಲ್ಲ. ನನ್ನ ಗೆಳೆಯಾಗ ಹಿಂಗ ಆಗೇತಿ, ರಾತ್ರಿ ಹನ್ನೊಂದಕ್ಕ ಮಕ್ಕಳು ಅಳಾಕತ್ತಿದ್ವು ಅಂತ ಕೌಂಟರ್ ಬಿಟ್ಟು ಸೀದಾ ದಾಟಿ ಬಂದ.

ಎರಡು, ಗಾಡಿ ಮ್ಯಾಲ ಸಾಲ ಇದ್ರ ಬ್ಯಾಂಕಿಂದ ಪತ್ರ ತಗೊಂಡ್ ಹೋಗ್ರಿ. ಮೂರು, ಅಮೆರಿಕದ ಇನ್ಶೂರೆನ್ಸ್ ಅಲ್ಲೆ ನಡೆಯೂದಿಲ್ಲ, ಮೆಕ್ಸಿಕೊದ ಪಾಲಿಸಿ ಆನ್‌ಲೈನ್‌ನಾಗ ತಗೊಂಡು ಪ್ರಿಂಟ್ ಇಟ್ಕೋರಿ. ನಾಕು, ಎಫ್‌ಎಂಎಂ ಅಂತ ಪ್ರವಾಸಿ ಚೀಟಿ. ರಸ್ತೆ ಮ್ಯಾಲೆ ಹೋದವರಿಗೆ 7 ದಿನದ ಒಳಗ ಪುಕ್ಕಟೆ, ನಿಮ್ಮದು 9 ದಿನ ಅಂದ್ರ ರೊಕ್ಕ ಕಟ್ಟಬೇಕು. ಗಡಿಯೊಳಗ ಯಾರೂ ನಿಮ್ಮನ್ನ ನಿಲ್ಲಿಸೂದಿಲ್ಲ, ಹಸಿರು ದೀಪ ಬಂತು ಅಂತ ಸೀದಾ ಹೋಗಿಬಿಡಬ್ಯಾಡ್ರಿ. ನೀವೇ ಗಾಡಿ ಬದಿಗೆ ಹಾಕಿ ಇಮಿಗ್ರೇಶನ್ ಕಿಟಕಿ ಹುಡುಕಿ ಸಿಕ್ಕಾ ಹೊಡಿಸ್ಕೋಬೇಕು. ಅದು ಇಲ್ಲಂದ್ರ ಟಿಐಪಿ ಕೊಡೂದಿಲ್ಲ.

ಆಮ್ಯಾಲೆ ಟೆಕ್ಸಾಸ್ ಮಂದಿಗೆ ಕೈ ಮುಗಿದು ಒಂದು ಮಾತು. ಗಾಡಿಯೊಳಗ ಬಂದೂಕು ಬಿಡ್ರಿ, ಸೀಟಿನ ಕೆಳಗ ಮರೆತ ಒಂದು ಗುಂಡು ಸಿಕ್ರೂ ಜೈಲು. ಯಾರದರೆ ಸೆಕೆಂಡ್ ಹ್ಯಾಂಡ್ ಗಾಡಿ ಇದ್ರ ಮ್ಯಾಟ್ ಎತ್ತಿ ಮೂಲಿ ಮೂಲಿ ನೋಡ್ರಿ. ನೆಗಡಿ ಗುಳಿಗಿನೂ ಓದಿ ನೋಡ್ರಿ, ಸ್ಯೂಡೋಎಫೆಡ್ರಿನ್ ಇರೂದು ಅಲ್ಲೆ ನಿಷೇಧ.

ನಾಗರಭಾವಿ_ಡಲ್ಲಾಸ್

ನಮ್ಮಂಥೋರ ಕಥೆ ಏನು? ನಂದು ಎಚ್1ಬಿ ಕೆಲಸದ ವೀಸಾ, ಪಾಸ್‌ಪೋರ್ಟಲ್ಲಿರೋ ಸ್ಟಾಂಪ್ ಮುಗಿದು ಒಂದು ವರ್ಷ ಆಯ್ತು, ಐ-797 ಅನ್ನೋ ಒಪ್ಪಿಗೆ ಪತ್ರ ಇದೆ. ನಾನೂ ಇಂಥದ್ದೊಂದು ಟ್ರಿಪ್ ಯೋಚ್ನೆ ಮಾಡ್ತಿದೀನಿ.

ಟೂಸಾನ್_ತಿಪಟೂರು

ಇದ್ರಲ್ಲಿ ಎರಡು ಬಾಗಿಲಿದೆ, ಜನ ಒಂದನ್ನೇ ನೋಡ್ತಾರೆ. ಒಳಗೆ ಹೋಗೋ ಬಾಗಿಲು ಮೆಕ್ಸಿಕೊದ್ದು. ಭಾರತದ ಪಾಸ್‌ಪೋರ್ಟಿಗೆ ಅವರ ವೀಸಾ ಬೇಕು, ಆದ್ರೆ ಚಾಲ್ತಿಯಲ್ಲಿರೋ ಅಮೆರಿಕನ್ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ರೆ ಬೇಡ. ನಿಮ್ಮ ಸ್ಟಾಂಪ್ ಮುಗಿದಿದೆ, ಹಾಗಾಗಿ ನೀವು ಅವರ ಕಾನ್ಸುಲೇಟ್‌ಗೆ ಹೋಗಿ ವೀಸಾ ತಗೋಬೇಕು. ವಾಪಸ್ ಬರೋ ಬಾಗಿಲು ಅಮೆರಿಕದ್ದು. ಮೆಕ್ಸಿಕೊದಲ್ಲಿ 30 ದಿನದೊಳಗೆ ಇದ್ದು ಬಂದ್ರೆ ಸ್ಟಾಂಪ್ ಮುಗಿದಿದ್ರೂ ಚಾಲ್ತಿ ಐ-94, ಅಂದ್ರೆ ಅಮೆರಿಕ ಪ್ರವೇಶದ ದಾಖಲೆ, ಅದರ ಮೇಲೆ ಬಿಡ್ತಾರೆ, ಆಟೋಮ್ಯಾಟಿಕ್ ರಿವ್ಯಾಲಿಡೇಶನ್ ಅಂತ. ಆದ್ರೆ ಅಲ್ಲಿದ್ದಾಗ ಹೊಸ ಅಮೆರಿಕನ್ ವೀಸಾಗೆ ಅರ್ಜಿ ಹಾಕಿದ್ರೆ ಆ ಸೌಲಭ್ಯ ಹೋಯ್ತು. ಐ-94 ಪ್ರಿಂಟ್ ಇಟ್ಕೊಳ್ಳಿ, ಫೋನ್ ನಂಬ್ಕೊಂಡು ಹೋಗ್ಬೇಡಿ. ಹೊರಡೋ ಮುಂಚೆ ನಿಮ್ಮ ಕಂಪನಿ ವಕೀಲರನ್ನ ಒಂದು ಸಲ ಕೇಳಿಬಿಡಿ.

ಹಾಸನದವರೇ, ನಿಮ್ಮಪ್ಪನ ಹತ್ರ ಬಿ1/ಬಿ2 ಪ್ರವಾಸಿ ವೀಸಾ ಚಾಲ್ತಿಯಲ್ಲಿ ಇರುತ್ತಲ್ಲ, ಅವರಿಗೆ ಚಿಂತೆ ಇಲ್ಲ. ಅವರ ಟ್ರಾವೆಲ್ ಇನ್ಶೂರೆನ್ಸ್ ಮೆಕ್ಸಿಕೊದಲ್ಲೂ ನಡೆಯುತ್ತಾ ನೋಡ್ಕೊಳ್ಳಿ.

ಹ್ಯೂಸ್ಟನ್_ಅಕ್ಕ

ಎಲ್ಲರೂ ರಸ್ತೆ, ಪರ್ಮಿಟ್ಟು ಅಂತಿದೀರಾ, ಯಾರೂ ಮುಖ್ಯ ಮಾತು ಆಡ್ತಿಲ್ಲ. ನಾನು ಬೇಜಾರು ಮಾಡೋಕೆ ಹೇಳ್ತಿಲ್ಲ ತಮ್ಮ, ಮನೆ ಹಿರಿಯರನ್ನ ಕರ್ಕೊಂಡು ಹೋಗ್ತಿದೀಯ ಅಂತ ಹೇಳ್ತಿದೀನಿ. 2022ರ ಜೂನಲ್ಲಿ ನೀನು ಹೇಳ್ತಿರೋ ಅದೇ ಸೆರೋಕಾವೀಲಿ, ಚರ್ಚಿನ ಒಳಗೆ, 80ರ ಆಸುಪಾಸಿನ ಇಬ್ಬರು ಜೆಸ್ಯೂಟ್ ಪಾದ್ರಿಗಳನ್ನ ಗುಂಡಿಕ್ಕಿ ಕೊಂದರು. ಓಡಿ ಬಂದು ಚರ್ಚಲ್ಲಿ ಆಸರೆ ಕೇಳಿದ್ದ ಒಬ್ಬ ಟೂರಿಸ್ಟ್ ಗೈಡನ್ನೂ ಕೊಂದರು. 2015ರಲ್ಲಿ ಉರೀಕೇಲಿ ನಡೀಬೇಕಾದ ಓಟದ ಸ್ಪರ್ಧೆ, ದೇಶ ದೇಶದಿಂದ ಓಟಗಾರರು ಬಂದಿದ್ದರು, ಗುಂಡಿನ ಸದ್ದಿಗೆ ರದ್ದಾಯ್ತು. ಅಮೆರಿಕ ಸರ್ಕಾರ ಪ್ರಯಾಣ ಎಚ್ಚರಿಕೆಯಲ್ಲಿ ಚಿವಾವಾ ರಾಜ್ಯಕ್ಕೆ ಮೂರನೇ ಲೆವೆಲ್, ಪಕ್ಕದ ಸಿನಲೋವಾಕ್ಕೆ ನಾಲ್ಕನೇದು, ಹೋಗಲೇಬೇಡಿ ಅನ್ನೋ ಲೆವೆಲ್ ಇಟ್ಟಿದೆ. ರೈಲಲ್ಲಿ ಹೋಗಿ, ಕಣಿವೆ ಅಂಚಲ್ಲಿರೋ ದಿವಿಸದೇರೊದಲ್ಲಿ ನಿಂತು ನೋಡಿ ಬನ್ನಿ, ಅಷ್ಟು ಸಾಲದಾ?

ಕುಡ್ಲದ_ಟಕೋಮಾ

ಅಕ್ಕ ಹೇಳಿದ್ದು ಒಂದಕ್ಷರವೂ ಸುಳ್ಳಲ್ಲ. ನಾನು 2019ರಲ್ಲಿ ಒಮ್ಮೆ, 2023ರಲ್ಲಿ ಒಮ್ಮೆ ಹೋಗಿದ್ದೇನೆ, ಎರಡು ಸಲವೂ ನಾನೇ ಡ್ರೈವ್ ಮಾಡಿದ್ದು, ಪಕ್ಕದಲ್ಲಿ ಗಂಡ. ಹೆದರಿಕೆ ಇರಬೇಕು, ಆದರೆ ಯಾವುದಕ್ಕೆ ಹೆದರಬೇಕು ಎಂದು ತಿಳಿದಿರಬೇಕು.

ಆ ಬೆಟ್ಟಗಳಲ್ಲಿ ಗಸಗಸೆ ಬೆಳೆಯುತ್ತಾರೆ ಓಪಿಯಂಗೆ, ಕಳ್ಳ ನಾಟಾ ಸಾಗಿಸುತ್ತಾರೆ, ಗುಂಪು ಗುಂಪುಗಳ ನಡುವೆ ಜಗಳ ಉಂಟು. ನಮ್ಮಂಥ ಪ್ರವಾಸಿಗಳನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ, ಆದರೆ ನಾವು ಗೊತ್ತಿಲ್ಲದ ಅಡ್ಡದಾರಿಯಲ್ಲಿ ಹೋಗಿ ಕಾಣಬಾರದ್ದನ್ನು ಕಂಡರೆ ಕಥೆ ಬೇರೆ. ಅದಕ್ಕೇ ನನಗೆ ಮೂರು ನಿಯಮ. ಕತ್ತಲೆಯಲ್ಲಿ ಓಡಿಸುವುದೇ ಇಲ್ಲ, ಸಂಜೆ ನಾಲ್ಕಕ್ಕೆ ಗಾಡಿ ನಿಲ್ಲಿಸಿಯೇ ಸಿದ್ಧ, ಇದು ಕಳ್ಳರಿಗಿಂತ ಹೆಚ್ಚಾಗಿ ದನಗಳಿಗಾಗಿ, ತಿರುವು ದಾಟುವಾಗ ರಸ್ತೆ ಮಧ್ಯೆ ಕಪ್ಪು ಹಸು ಮಲಗಿರುತ್ತದೆ ಮಾರಾಯ್ರೆ. ಎರಡನೆಯದು, ಮುಖ್ಯ ದಾರಿ ಬಿಟ್ಟು ಒಳಗೆ ಹೋಗುವುದಾದರೆ ಆ ಊರಿನವರೇ ಒಬ್ಬರು ಗಾಡಿಯಲ್ಲಿ ಇರಬೇಕು. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಪ್ರತಿ ಬೆಳಿಗ್ಗೆ ಹೊರಡುವ ಮೊದಲು ಕನಿಷ್ಠ ಇಬ್ಬರನ್ನು ಕೇಳುವುದು, ಹೋಟೆಲಿನವರನ್ನು, ಪೆಟ್ರೋಲ್ ಬಂಕಿನವರನ್ನು: ಇವತ್ತು ದಾರಿ ಹೇಗುಂಟು? "ಕೋಮೊ ಎಸ್ತಾ ಎಲ್ ಕಮಿನೊ" ಎಂದರೆ ಸಾಕು. ಅವರು "ಸರಿಯಿದೆ" ಎಂದರೂ ಮುಖ ನೋಡಿ. ಹೇಳುವುದಕ್ಕೆ ಮೊದಲು ಒಂದು ಕ್ಷಣ ತಡೆದರೆ ನಾನು ಆ ದಿನ ಹೋಗುವುದಿಲ್ಲ. 2023ರಲ್ಲಿ ಉರೀಕೆಗೆ ಹೋಗಬೇಕೆಂದು ಬವಿಚೀವೊದವರೆಗೆ ಬಂದಿದ್ದೆವು. ಅಲ್ಲಿ ಅಂಗಡಿಯ ಅಜ್ಜಿ ಲೆಕ್ಕ ಮಾಡುತ್ತಿದ್ದವರು ತಲೆ ಎತ್ತದೆಯೇ "ಇವತ್ತು ಬೇಡ" ಎಂದರು. ಕಾರಣ ಹೇಳಲಿಲ್ಲ, ನಾವೂ ಕೇಳಲಿಲ್ಲ, ಗಾಡಿ ತಿರುಗಿಸಿದೆವು.

ಈಗ ರಸ್ತೆ. ಕ್ರೀಲ್‌ನಿಂದ ಬಟೋಪಿಲಾಸ್ ಸುಮಾರು 140 ಕಿಲೋಮೀಟರ್. ಗ್ವಾಚೋಚಿ ಹೈವೇಯಲ್ಲಿ ದಕ್ಷಿಣಕ್ಕೆ ಹೋಗಿ ಸಮಚೀಕೆ ಹತ್ತಿರ ತಿರುಗಬೇಕು. ಮೊದಲು ಅಲ್ಲಿಂದ ಕೆಳಗೆ ಪೂರ್ತಿ ಮಣ್ಣು ಇತ್ತು, ಈಗ ಡಾಂಬರು, ಆದರೆ ಡಾಂಬರು ಎಂದು ನಂಬಬೇಡಿ, ಪ್ರತಿ ಮಳೆಗಾಲ ಅಲ್ಲಲ್ಲಿ ಅರ್ಧ ರಸ್ತೆ ಕೆಳಗೆ ಹೋಗಿರುತ್ತದೆ, ತಡೆಗೋಡೆ ಹಲವು ಕಡೆ ಇಲ್ಲ. 140 ಕಿಲೋಮೀಟರಿಗೆ ನಾಲ್ಕೂವರೆ ಗಂಟೆ ಇಟ್ಟುಕೊಳ್ಳಿ. ಲಾ ಬೂಫಾ ಎಂಬಲ್ಲಿ ನಿಂತರೆ ಕೆಳಗೆ ಹಾವಿನ ಹಾಗೆ ಏಳೆಂಟು ಸುತ್ತು ರಸ್ತೆ ಒಟ್ಟಿಗೆ ಕಾಣುತ್ತದೆ.

ಬಟೋಪಿಲಾಸ್‌ನಿಂದ ಉರೀಕೆ, ನೀವು ಬೆರಳಗಲ ಎಂದಿರಲ್ಲ, ನಾವು 2019ರ ನವೆಂಬರಿನಲ್ಲಿ ಮಾಡಿದ್ದೇವೆ. ಬೆಳಿಗ್ಗೆ ಏಳಕ್ಕೆ ಹೊರಟು ತಲುಪುವಾಗ ಮೂರು ಗಂಟೆ. ಒಂದು ಗಾಡಿಯ ಅಗಲ, ಒಂದು ಬದಿ ಗುಡ್ಡ, ಇನ್ನೊಂದು ಬದಿ ಆಕಾಶ. ಚೂಪು ಕಲ್ಲು ಟೈರಿನ ಪಕ್ಕದ ಗೋಡೆಯನ್ನು ಸೀಳಿತು, ಅದಕ್ಕೆ ಪ್ಲಗ್ ಹಾಕುವುದಕ್ಕೆ ಆಗುವುದಿಲ್ಲ, ಸ್ಟೆಪ್ನಿ ಹಾಕಿ ಮುಂದೆ ಹೋದೆವು. ಅಲ್ಲಿಂದ ಉರೀಕೆವರೆಗೆ ಸ್ಟೆಪ್ನಿ ಇಲ್ಲದ ಗಾಡಿ. ಆ ಎರಡು ಗಂಟೆ ನಾವಿಬ್ಬರೂ ಮಾತಾಡಲಿಲ್ಲ. ಒಂದೇ ಗಾಡಿಯಲ್ಲಿ, ಹಿರಿಯರನ್ನು ಕೂರಿಸಿಕೊಂಡು, ಫೋನ್ ಸಿಗ್ನಲ್ ಇಲ್ಲದ ಕಡೆ ಅದನ್ನು ಮಾಡಬೇಡಿ. ಎರಡು ಗಾಡಿ ಇದ್ದರೆ, ಎರಡು ಸ್ಟೆಪ್ನಿ ಇದ್ದರೆ, ಸ್ಯಾಟಲೈಟ್ ಮೆಸೆಂಜರ್ ಇದ್ದರೆ ಆಗ ಯೋಚಿಸಬಹುದು. ನನ್ನ ಮಾತು ಇಷ್ಟೇ, 9 ದಿನದಲ್ಲಿ ಎರಡು ಕಣಿವೆ ಇಳಿಯಬೇಡಿ. ಒಂದನ್ನು ಇಳಿಯಿರಿ, ಅಲ್ಲಿ ಮೂರು ರಾತ್ರಿ ಇರಿ.

ಹಾಸನದ_ಡ್ರೈವರ್_ಮಗ

ಅಕ್ಕ, ನೀವು ಹೇಳಿದ್ದು ಮನಸ್ಸಿಗೆ ಬಂತು, ಬೇಜಾರೇನಿಲ್ಲ. ಹೆಂಡ್ತಿಗೂ ಓದಿಸ್ದೆ. ಜುಲೈ ಕ್ಯಾನ್ಸಲ್. ಅಪ್ಪ ನವೆಂಬರ್ ಕೊನೆವರೆಗೆ ಇಲ್ಲೇ ಇರ್ತಾರೆ, ಹಾಗಾಗಿ ನವೆಂಬರ್ ಮೊದಲ ವಾರಕ್ಕೆ ತಳ್ಳಿದೀವಿ. ಟಕೋಮಾ ಮೇಡಂ, ನಿಮ್ಮ ಪೋಸ್ಟ್ ಅಪ್ಪಂಗೆ ಜೋರಾಗಿ ಓದಿ ಹೇಳ್ದೆ. ಅವರು ಎಲ್ಲ ಕೇಳ್ಕೊಂಡು ಒಂದೇ ಕೇಳಿದ್ರು, "ಇಳಿಯೋವಾಗ ಆ ಹುಡುಗಿ ಯಾವ ಗೇರಲ್ಲಿ ಇಳಿಸಿದ್ಲಂತೆ?"

ಕುಡ್ಲದ_ಟಕೋಮಾ

ಅವರಿಗೆ ನನ್ನ ನಮಸ್ಕಾರ ಹೇಳಿ, ಅದೇ ಸರಿಯಾದ ಪ್ರಶ್ನೆ. 2019ರಲ್ಲಿ ನಾನು ಡಿ ಯಲ್ಲೇ ಬಿಟ್ಟು ಬ್ರೇಕ್ ಒತ್ತುತ್ತಾ ಇಳಿದೆ, ಅರ್ಧ ದಾರಿಯಲ್ಲಿ ಸುಟ್ಟ ವಾಸನೆ, ಪೆಡಲು ಸ್ಪಂಜಿನ ಹಾಗೆ ಒಳಗೆ ಹೋಯಿತು. ಮುಕ್ಕಾಲು ಗಂಟೆ ನಿಲ್ಲಿಸಿದೆವು. ಈಗ ಎರಡನೇ ಗೇರಿನಲ್ಲಿ ಕಟ್ಟಿ ಹಾಕುತ್ತೇನೆ, ಮಣ್ಣಿನಲ್ಲಾದರೆ ಲೋ ರೇಂಜ್. ಹೊರಡುವ ಮೊದಲು ಬ್ರೇಕ್ ಪ್ಯಾಡ್ ಮತ್ತು ಬ್ರೇಕ್ ಆಯಿಲ್ ಹೊಸತು ಹಾಕಿಸಿ.

ಎಲ್‌ಪಾಸೊ_ಧಾರವಾಡ

ರಸ್ತೆ ಮ್ಯಾಲಿನ ಸಣ್ಣ ಸಣ್ಣ ಮಾತು. ತೋಪೆ ಅಂದ್ರ ಹಂಪ್. ಪ್ರತಿ ಊರಿಗೆ ಹೋಗೂ ಮುಂದ, ಬರೂ ಮುಂದ ಇರ್ತಾವ, ಬಣ್ಣ ಹಚ್ಚಿರೂದಿಲ್ಲ, ಬೋರ್ಡ್ ಹಂಪ್‌ನ ಮ್ಯಾಲೆನ ಇರ್ತೈತಿ. ವಾದೊ ಅಂದ್ರ ರಸ್ತೆ ಅಡ್ಡ ಹಳ್ಳ ಹರಿಯೂ ತಗ್ಗು. ಮುಂದಿನ ಲಾರಿಯಾಂವ ಎಡಕ್ಕ ಇಂಡಿಕೇಟರ್ ಹಾಕಿದ್ರ ಓವರ್‌ಟೇಕ್ ಮಾಡು ಅಂತ ಅರ್ಥ, ನಮ್ಮ ಕಡೆ ಲಾರಿಯವರು ಬಲಕ್ಕ ಹಾಕ್ತಾರಲ್ಲ ಹಂಗ. ಆದ್ರ ಖರೇನ ಎಡಕ್ಕ ಹೊಳ್ಳಾಂವ ಇರಬಹುದು, ಮುಂದ ತಿರುವು ಐತೇನು ನೋಡಿನ ಹೋಗ್ರಿ.

ಪೆಟ್ರೋಲ್: ಹಸಿರು ಪಂಪ್ ಮಾಗ್ನಾ, ಅದು 87, ನಿಮ್ಮ ಗಾಡಿಗೆ ಸಾಕು. ಹಾಕೂ ಮುಂದ ಮೀಟರ್ ಸೊನ್ನಿ ಐತಿ ಅಂತ ಇಳಿದು ನೋಡ್ರಿ. ಕ್ವಾವ್ತೇಮೊಕ್‌ನಾಗ ತುಂಬಿಸಿ ಕ್ರೀಲ್‌ನಾಗ ಮತ್ತ ಫುಲ್ ಮಾಡ್ರಿ, ಕ್ರೀಲ್ ಬಿಟ್ಟು ಕೆಳಗ ಇಳಿಯೂ ಮುಂದ ಅರ್ಧ ಟ್ಯಾಂಕ್ ಸಾಕು ಅನ್ನಬ್ಯಾಡ್ರಿ. ರೊಕ್ಕನೂ ಹಂಗ, ಎಟಿಎಂ ಕ್ರೀಲ್‌ನಾಗ ತಗೋರಿ, ತಳದಾಗ ಎಲ್ಲಾ ನಗದು. ಮಿಲಿಟ್ರಿ ಚೆಕ್‌ಪೋಸ್ಟ್ ಸಿಗ್ತಾವ, ರೆತೇನ್ ಅಂತಾರ, ಕನ್ನಡಕ ತೆಗೀರಿ, ಕಿಟಕಿ ಇಳಸ್ರಿ, ಬ್ವೆನಾಸ್ ತಾರ್ದೆಸ್ ಅನ್ರಿ. ಹುಡುಗುರು ಅವ್ರು, ಇಪ್ಪತ್ತು ವರ್ಷದವರು, ಭಾರತದಿಂದ ಅಂದ್ರ ನಗ್ತಾರ. ದೊಡ್ಡ ಹೈವೇ ಮ್ಯಾಲೆ ಗಾಡಿ ಕೆಟ್ರ 078ಕ್ಕ ಫೋನ್ ಹಚ್ರಿ, ಆಂಖೆಲೆಸ್ ವೆರ್ದೆಸ್ ಅಂತ ಸರ್ಕಾರಿ ಮೆಕ್ಯಾನಿಕ್ ಗಾಡಿ ಬರ್ತೈತಿ. ಟೈರ್ ಪಂಕ್ಚರ್ ಅಂಗಡಿಗೆ ಯಾಂತೇರಾ ಅಂತಾರ, ಹಳೇ ಟೈರಿಗೆ ಬಿಳಿ ಬಣ್ಣ ಹೊಡೆದು ರಸ್ತೆ ಬದಿಗೆ ನಿಲ್ಲಿಸಿರ್ತಾರ.

ನಾಗರಭಾವಿ_ಡಲ್ಲಾಸ್

ಊಟದ್ದು ಯಾರಾದ್ರೂ ಹೇಳಿ, ನಾವು ಪ್ಯೂರ್ ವೆಜ್.

ಟೂಸಾನ್_ತಿಪಟೂರು

"ಸಿನ್ ಕಾರ್ನೆ" ಅಂದ್ರೆ ಮಾಂಸ ಬೇಡ ಅಂತ, ಆದ್ರೆ ಅವರ ಲೆಕ್ಕದಲ್ಲಿ ಕೋಳಿ ಕಾರ್ನೆ ಅಲ್ಲ. "ನಿ ಪೊಯ್ಯೊ, ನಿ ಪೆಸ್ಕಾದೊ", ಕೋಳಿನೂ ಬೇಡ ಮೀನೂ ಬೇಡ, ಅಂತ ಸೇರ್ಸಿ. ಬೀನ್ಸನ್ನ ಹಂದಿ ಕೊಬ್ಬಲ್ಲಿ ಹುರೀತಾರೆ, ಅದಕ್ಕೆ "ಸಿನ್ ಮಂತೇಕಾ" ಅಂತ ಕೇಳ್ಬೇಕು. ಅನ್ನವನ್ನ ಬಹಳ ಕಡೆ ಕೋಳಿ ಸಾರಲ್ಲಿ ಬೇಯಿಸ್ತಾರೆ. ಉತ್ತರ ಮೆಕ್ಸಿಕೊದಲ್ಲಿ ಗೋಧಿ ತೋರ್ತಿಯಾನೇ ಜಾಸ್ತಿ, ಅದಕ್ಕೂ ಕೊಬ್ಬು ಹಾಕಿರ್ತಾರೆ, ಹಾಗಾಗಿ ಜೋಳದ ತೋರ್ತಿಯಾ, ಅಂದ್ರೆ ಮುಸುಕಿನ ಜೋಳದ್ದು, ಕೇಳಿ ಹಾಕ್ಸ್ಕೊಳಿ. ಕ್ವಾವ್ತೇಮೊಕ್ ಸುತ್ತ 1922ರಲ್ಲಿ ಕೆನಡಾದಿಂದ ಬಂದು ನೆಲೆಸಿದ ಮೆನೊನೈಟ್ ಅನ್ನೋ ಕ್ರೈಸ್ತ ಪಂಗಡದ ಜನ ಇದಾರೆ, ಅವರ ಚೀಸು ಚೆನ್ನಾಗಿರುತ್ತೆ, ಎರಡು ಕೆಜಿ ತಗೊಂಡಿಟ್ಕೊಳ್ಳಿ. ನಾವಂತೂ ಒಂದು ಸಣ್ಣ ಸ್ಟೋವು, ಅವಲಕ್ಕಿ, ಚಟ್ನಿಪುಡಿ, ಎಂಟಿಆರ್ ಪ್ಯಾಕೆಟ್ಟು ಇಲ್ಲದೆ ಹೋಗಲ್ಲ.

ಮತ್ತೆ ಒಂದು ಖುಷಿ ವಿಷಯ. ಅಲ್ಲಿನ ರರಾಮುರಿ ಜನರ ಪಿನೋಲೆ ಅಂತ ಇದೆ, ಮುಸುಕಿನ ಜೋಳ ಹುರಿದು ಕಲ್ಲಲ್ಲಿ ಬೀಸಿದ ಪುಡಿ, ನೀರಿಗೆ ಕಲಸಿ ಕುಡೀತಾರೆ. ನಮ್ಮ ಹುರಿಹಿಟ್ಟೇ. ದಿನಗಟ್ಟಲೆ ಬೆಟ್ಟದಲ್ಲಿ ಓಡೋ ಆ ಜನ ಅದನ್ನ ಚೀಲದಲ್ಲಿ ಕಟ್ಕೊಂಡು ಹೊರಡ್ತಾರೆ.

ಕುಡ್ಲದ_ಟಕೋಮಾ

ರರಾಮುರಿಗಳ ಮಾತು ಬಂತಲ್ಲ, ಇದನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಹೊರಗಿನವರು ತರಾಹುಮಾರಾ ಎನ್ನುತ್ತಾರೆ, ಅವರು ತಮ್ಮನ್ನು ಕರೆದುಕೊಳ್ಳುವುದು ರರಾಮುರಿ. ಸ್ಪ್ಯಾನಿಷರು ಗಣಿಗೆ, ಮಿಷನ್‌ಗಳಿಗೆ ಎಳೆಯುವಾಗ ಒಳಗೊಳಗೆ ಕಣಿವೆಗೆ ಸರಿದ ಜನ, ಮೌನ ಅವರ ಮರ್ಯಾದೆ. ಮನೆ ಕಂಡ ತಕ್ಷಣ ಒಳಗೆ ನುಗ್ಗುವಂತಿಲ್ಲ. ದೂರದಲ್ಲಿ, ಅವರಿಗೆ ಕಾಣುವ ಹಾಗೆ ನಿಂತು ಕಾಯಬೇಕು, ಬೇಕಾದರೆ ಅವರೇ ಬರುತ್ತಾರೆ. "ಕ್ವಿರಾ ಬಾ" ಎಂದರೆ ನಮಸ್ಕಾರ, ಕೈ ಕುಲುಕುವಾಗ ಬೆರಳ ತುದಿ ಮಾತ್ರ ಮುಟ್ಟಿಸುತ್ತಾರೆ, ಹಿಡಿದು ಅಲುಗಾಡಿಸಬೇಡಿ. ಮಕ್ಕಳ, ಹೆಂಗಸರ ಫೋಟೊ ಕೇಳದೆ ತೆಗೆಯಬೇಡಿ. ಕ್ರೀಲ್ ಪೇಟೆಯಲ್ಲಿ ಮಕ್ಕಳು "ಕೋರಿಮಾ" ಎಂದು ಕೈಯೊಡ್ಡುತ್ತಾರೆ. ಪ್ರವಾಸಿಗಳು ಅದನ್ನು ಭಿಕ್ಷೆ ಎಂದುಕೊಳ್ಳುತ್ತಾರೆ, ಅವರಲ್ಲಿ ಆ ಪದಕ್ಕೆ ಇದ್ದವನು ಇಲ್ಲದವನಿಗೆ ಹಂಚಬೇಕು ಎಂಬ ಅರ್ಥ. ಪೈನ್ ಎಲೆಯಲ್ಲಿ ಹೆಣೆದ ಬುಟ್ಟಿ ಮಾರುತ್ತಾರೆ, ಚೌಕಾಸಿ ಮಾಡಬೇಡಿ ದಯವಿಟ್ಟು, ಒಂದು ಬುಟ್ಟಿಗೆ ಎಷ್ಟು ಹೊತ್ತು ಬೇಕೆಂದು ಹೆಣೆಯುವವರ ಪಕ್ಕ ಕೂತು ನೋಡಿದರೆ ಬಾಯಿ ಬರುವುದಿಲ್ಲ.

ಹಾಸನದ_ಡ್ರೈವರ್_ಮಗ (2024 ಅಕ್ಟೋಬರ್ 20)

ಎಲ್ಲರ ಮಾತು ಸೇರಿಸಿ ಪ್ಲಾನ್ ಬದಲಾಯ್ಸಿದ್ದು ಹೀಗೆ. ಉರೀಕೆ ಇಲ್ಲ. ಬಸಸಿಯಾಚಿ ಇಲ್ಲ. ಕ್ರೀಲಲ್ಲಿ ಎರಡು ರಾತ್ರಿ, ಬಟೋಪಿಲಾಸಲ್ಲಿ ಮೂರು, ವಾಪಸ್ ಬರ್ತಾ ದಿವಿಸದೇರೊದಲ್ಲಿ ಒಂದು. ಮಧ್ಯೆ ರೈಲಲ್ಲಿ ಎಲ್ ಫ್ವೆರ್ತೆವರೆಗೆ ಹೋಗಿ ಬರೋಣ ಅಂತ ಒಂದು ಯೋಚ್ನೆ ಇತ್ತು, 86 ಸುರಂಗ, 37 ಸೇತುವೆ ಅಂತ ಕೇಳಿ ಅಪ್ಪಂಗೆ ಆಸೆ ಹತ್ತಿತ್ತು, ಆದ್ರೆ ಅದು ಸಿನಲೋವಾ, ಸೆಪ್ಟೆಂಬರಿಂದ ಅಲ್ಲಿ ಗುಂಪುಗಳ ಜಗಳ ಜೋರಾಗಿದೆ, ಹಾಗಾಗಿ ಬಿಟ್ವಿ. ಎರಡನೇ ಸ್ಟೆಪ್ನಿ ಮೇಲೆ ಕಟ್ಟಿದೀನಿ. ಬ್ರೇಕ್ ಪ್ಯಾಡ್ ಬದಲಾಯಿಸೋವಾಗ ಅಪ್ಪ ಪಕ್ಕದಲ್ಲೇ ನಿಂತಿದ್ರು.

ಹಾಸನದ_ಡ್ರೈವರ್_ಮಗ (2024 ನವೆಂಬರ್ 16)

ಹೋಗಿ ಬಂದ್ವಿ, ಮೂವರೂ ಆರಾಮಾಗಿದೀವಿ. ಅಕ್ಕ, ಮೊದಲು ನಿಮಗೇ ಹೇಳ್ಬೇಕು ಅನ್ನಿಸ್ತು.

ಓಹಿನಾಗಾದಲ್ಲಿ ಇಮಿಗ್ರೇಶನ್, ಟಿಐಪಿ ಎರಡೂ ಸೇರಿ ಒಂದೂವರೆ ಗಂಟೆ. ಚಿವಾವಾಗೆ ಹೋಗೋ ದಾರೀಲಿ ಪೆಗ್ವಿಸ್ ಕಣಿವೆ ಸಿಗುತ್ತೆ, ಅಲ್ಲಿ ನಿಲ್ಲಿಸಿ ಬುತ್ತಿ ಬಿಚ್ಚಿದ್ವಿ. ಎರಡನೇ ದಿನ ಕ್ರೀಲ್. ಅರರೆಕೊ ಕೆರೆ, ಕಲ್ಲಿನ ಅಣಬೆ ಥರ ನಿಂತಿರೋ ಬಂಡೆಗಳು, ಕುಸಾರರೆ ಫಾಲ್ಸು, ಎಲ್ಲ ಫೋಟೊದಲ್ಲಿ ನೋಡಿರ್ತೀರಾ, ಬರೆಯೋಕೆ ಹೋಗಲ್ಲ.

ಬಟೋಪಿಲಾಸ್ ಇಳಿತ ಬರೀಬೇಕು. ಸಮಚೀಕೆ ದಾಟಿದ ಮೇಲೆ ಕಾಡು ಮುಗಿದು ಒಮ್ಮೆಲೇ ನೆಲ ಇಲ್ಲದಂಗಾಗುತ್ತೆ. ಅಪ್ಪ ಹಿಂದಿನ ಸೀಟಲ್ಲಿದ್ದೋರು ಮುಂದೆ ಬಂದು ಕೂತ್ರು, ಹೆಂಡ್ತಿ ಹಿಂದೆ ಹೋದ್ಲು. ಮೊದಲ ನಾಲ್ಕು ತಿರುವು ಸುಮ್ನಿದ್ರು. ಐದನೇದಕ್ಕೆ "ಮಗಾ, ಹತ್ತೋಕೆ ಯಾವ ಗೇರ್ ಬೇಕೋ ಇಳಿಯೋಕೂ ಅದೇ ಗೇರು. ಕಾಲು ಬ್ರೇಕಿಂದ ತೆಗಿ" ಅಂದ್ರು. ಎರಡಕ್ಕೆ ಇಳಿಸಿದೆ. ಇಂಜಿನ್ ಗೊರ್ ಅಂತ ಗಾಡಿ ಹಿಡ್ಕೊಂಡ್ತು. ಆಮೇಲೆ ಅವರು ಒಂದೊಂದು ತಿರುವಿಗೂ ಮುಂಚೆ "ಹಾರ್ನ್" ಅನ್ನೋರು, ನಾನು ಹೊಡೆಯೋನು, ಎರಡು ಸಲ ಎದುರಿಂದ ನಿಜವಾಗ್ಲೂ ಪಿಕಪ್ ಬಂತು. ಲಾ ಬೂಫಾದಲ್ಲಿ ನಿಲ್ಲಿಸಿದಾಗ ನಾನು ಹೆಂಡ್ತಿ ಕಣಿವೆ ನೋಡೋಕೆ ಓಡಿದ್ವಿ. ಅಪ್ಪ ಮೊದಲು ಬಗ್ಗಿ ಅಂಗೈಯನ್ನ ಮುಂದಿನ ರಿಮ್‌ಗೆ ಮುಟ್ಟಿಸದಂಗೆ ಹತ್ರ ಹಿಡಿದು ಬಿಸಿ ನೋಡಿದ್ರು, ಆಮೇಲೆ ಹಿಂದಿನದು, ನಾಲ್ಕೂ ಗಾಲಿ ನೋಡಿ ಆದ್ಮೇಲೆ ಕೈ ಒರೆಸ್ಕೊಂಡು ಬಂದು ಕಣಿವೆ ನೋಡಿದ್ರು. ಬಹಳ ಹೊತ್ತು ಮಾತಾಡ್ಲಿಲ್ಲ. ಶಿರಾಡೀಲಿ ಮಳೆ, ಮಂಜು, ಲಾರಿ ಸಾಲು ಎಲ್ಲ ಇತ್ತು, ಆದ್ರೆ ಕಾಡು ಎಲ್ಲವನ್ನೂ ಮುಚ್ಚಿಡ್ತಿತ್ತು, ಇಲ್ಲಿ ಕೆಳಗಿನ ಕೊನೆ ತಿರುವಿನವರೆಗೂ ಎಲ್ಲ ಕಾಣುತ್ತಲ್ಲ, ಅದೇ ಕಷ್ಟ ಅಂದ್ರು.

ಕೊನೆಯ ಹದಿನೈದು ಕಿಲೋಮೀಟರ್ ಇರೋವಾಗ ಬಂಡೆ ಬಿದ್ದು ರಸ್ತೆ ಬಂದ್, ಮಳೆಗಾಲ ಮುಗಿದಿದ್ರೂ. ಲೋಡರ್ ಬಂದು ತೆಗೆಯೋಕೆ ಎರಡು ಗಂಟೆ. ಬೆಳಗ್ಗೆ ಎಂಟಕ್ಕೆ ಹೊರಟಿದ್ದರಿಂದ ಬೆಳಕಲ್ಲೇ ತಲುಪಿದ್ವಿ, ಎರಡೇ ರಾತ್ರಿ ಅಂತ ಪ್ಲಾನ್ ಇದ್ದಿದ್ರೆ ಆ ಎರಡು ಗಂಟೆಗೆ ನನ್ನ ತಲೆ ಕೆಡ್ತಿತ್ತು.

ಬಟೋಪಿಲಾಸ್ ಹೊಳೆ ಪಕ್ಕ ಉದ್ದಕ್ಕೆ ಒಂದೇ ಬೀದಿ ಇರೋ ಊರು. ಬೆಳ್ಳಿ ಗಣಿ ಊರು ಅದು. ಹಿಂದೆ ವಾಷಿಂಗ್ಟನ್ ಡಿಸಿಯ ಗವರ್ನರ್ ಆಗಿದ್ದ ಅಲೆಕ್ಸಾಂಡರ್ ಶೆಫರ್ಡ್ ಅನ್ನೋರು 1880ರಲ್ಲಿ ಹೆಂಡ್ತಿ ಮಕ್ಕಳ ಸಮೇತ ಇಲ್ಲಿಗೆ ಬಂದು ಗಣಿ ನಡೆಸಿದ್ರು, ಹೊಳೆಯಾಚೆ ಅವರ ಬಂಗಲೆ ಪಾಳು ಬಿದ್ದಿದೆ, ಕಾಗದದ ಹೂವಿನ ಬಳ್ಳಿ ಗೋಡೆ ಪೂರ್ತಿ ಹಬ್ಬಿದೆ. ಮೆಕ್ಸಿಕೊ ಸಿಟಿ ಬಿಟ್ರೆ ಮೊದಲು ಕರೆಂಟ್ ಬಂದಿದ್ದು ನಮ್ಮೂರಿಗೇ ಅಂತ ಅಲ್ಲಿನವರು ಹೆಮ್ಮೆಯಿಂದ ಹೇಳ್ತಾರೆ. ಎರಡನೇ ದಿನ ಊರಿನ ಒಬ್ಬರನ್ನ ಕರ್ಕೊಂಡು ಸತೆವೊ ಚರ್ಚಿಗೆ ಹೋದ್ವಿ, ಏಳೆಂಟು ಕಿಲೋಮೀಟರ್ ಹೊಳೆ ಪಕ್ಕದ ಮಣ್ಣು ದಾರಿ. ಅಷ್ಟು ದೊಡ್ಡ ಇಟ್ಟಿಗೆ ಚರ್ಚು, ಸುತ್ತ ನಾಲ್ಕು ಮನೆ. ಮೂರನೇ ದಿನ ಏನೂ ಮಾಡ್ಲಿಲ್ಲ. ಅಪ್ಪ ಚೌಕದ ಬೆಂಚ್ ಮೇಲೆ ಕೂತು ಒಬ್ಬ ರಿಟೈರ್ಡ್ ಲಾರಿ ಡ್ರೈವರ್ ಜೊತೆ, ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರಲ್ಲ, ಕೈಯಲ್ಲೇ ಗೇರು ತೋರಿಸ್ತಾ, ತಿರುವು ತೋರಿಸ್ತಾ, ಸಂಜೆವರೆಗೂ ಕೂತಿದ್ರು. ಟಕೋಮಾ ಮೇಡಂ, ಆ ಮೂರನೇ ರಾತ್ರಿ ನೀವು ಕೊಟ್ಟಿದ್ದು.

ಹತ್ತೋವಾಗ ಒಂದು ಪಂಕ್ಚರ್, ಮೊಳೆ, ಯಾಂತೇರಾದವರು ಹತ್ತು ನಿಮಿಷದಲ್ಲಿ ಮಾಡ್ಕೊಟ್ರು. ವಾಪಸ್ ಬರೋವಾಗ ಟಿಐಪಿ ರದ್ದು ಮಾಡ್ಸಿ ರಸೀದಿ ತಗೊಂಡ್ವಿ.

ನಾಗರಭಾವಿ_ಡಲ್ಲಾಸ್

ಓದಿ ಕಣ್ಣು ತುಂಬ್ತು ಸಾರ್. ಠೇವಣಿ ಬಂತಾ? ಪಿನೋಲೆ ಸಿಕ್ತಾ?

ಹಾಸನದ_ಡ್ರೈವರ್_ಮಗ

400 ಡಾಲರ್ ಕಾರ್ಡಿಗೆ ವಾಪಸ್ ಬಂತು. ಪಿನೋಲೆ ಕ್ರೀಲಲ್ಲಿ ಸಿಕ್ತು, ಅಪ್ಪ ಅದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಹಾಲಲ್ಲಿ ಕಲಸಿ ದಿನಾ ಬೆಳಗ್ಗೆ ಕುಡೀತಿದಾರೆ. ಈಗ ಅವರಿಗೆ ಗ್ವಾಚೋಚಿ ಕಡೆಯ ಸಿನ್ಫೊರೋಸಾ ಕಣಿವೆ ತಲೇಲಿ ಕೂತಿದೆ, ಬಟೋಪಿಲಾಸಿನ ಆ ಲಾರಿ ಡ್ರೈವರ್ ಕೈಯಲ್ಲಿ ತೋರಿಸಿದ್ರಂತೆ, ಇದಕ್ಕಿಂತ ಕಡಿದು ಅಂತ. ಗ್ವಾಚೋಚಿಯಿಂದಾಚೆ ಮಾರ್ಚಲ್ಲಿ ಹೋಗಿ ಬಂದವರು ಯಾರಾದ್ರೂ ಇದ್ರೆ ದಾರಿ ಹೇಗಿತ್ತು ಹೇಳಿ. ಅಪ್ಪನ ವೀಸಾ ಇನ್ನೂ ಆರು ವರ್ಷ ಇದೆ.